ಮಾದರಿ ಮನೆಯ ಓನರಮ್ಮ

ಬೆಳಿಗ್ಗೆ ಬಂದ ಕೂಡಲೇ ಅವಳು ಮಾಡುವ ಮೊದಲ ಕೆಲಸ ಕಿಟಕಿಯಾಚೆ ಬೆಳಕು ಹಾಕುವುದು. ಹಾಲಿನ ದೊಡ್ಡ ಕಿಟಕಿಯ ಹೊರಗೆ ಒಂದಡಿ ಜಾಗವಿದೆ, ಆಮೇಲೆ ತಗಡಿನ ಗೋಡೆ. ಆ ಗೋಡೆಯ ತುಂಬ ಹದಿನೆಂಟನೇ ಮಹಡಿಯಿಂದ ಕಾಣುವ ನಗರದ ಚಿತ್ರ: ಒಂದು ಕೆರೆ, ಅದರಾಚೆ ಮರಗಳ ಸಾಲು, ತೀರಾ ದೂರದಲ್ಲಿ ಮೂರ್ನಾಲ್ಕು ಎತ್ತರದ ಕಟ್ಟಡ. ಸ್ವಿಚ್ ಒತ್ತಿದರೆ ಚಿತ್ರದ ಹಿಂದಿನ ಟ್ಯೂಬ್‌ಲೈಟುಗಳು ಮಿಣುಕಿ ಹೊತ್ತಿಕೊಳ್ಳುತ್ತವೆ. ನಿಜವಾದ ಹದಿನೆಂಟನೇ ಮಹಡಿಗೆ ಹತ್ತಿದವರು ಹೇಳುವಂತೆ ಅಲ್ಲಿಂದ ಈಗ ಕಾಣುವುದು ಪಕ್ಕದ ಕಟ್ಟಡದ ಹದಿನೆಂಟನೇ ಮಹಡಿ.

ಗೋಪುರದಂಥ ಅಪಾರ್ಟ್‌ಮೆಂಟ್ ಕಟ್ಟಡ ಏಳುವ ಮೊದಲು ಅದರ ಬುಡದಲ್ಲಿ ಒಂದು ಶೆಡ್ ಹಾಕಿ, ಶೆಡ್ಡಿನೊಳಗೆ ಒಂದು ಫ್ಲ್ಯಾಟ್ ಕಟ್ಟಿ ತೋರಿಸುತ್ತಾರೆ. ಅದು ಮಾದರಿ ಮನೆ. ಜನ ಇದನ್ನು ನೋಡಿ, ಮೇಲೆ ಇನ್ನೂ ಹುಟ್ಟದ ಮನೆಯನ್ನು ಕೊಳ್ಳುತ್ತಾರೆ. ನಲ್ಲಿಯಲ್ಲಿ ನೀರಿಲ್ಲ, ಫ್ರಿಜ್ಜಿನೊಳಗೆ ಯಂತ್ರವಿಲ್ಲ. ಧೂಳು ಮಾತ್ರ ಅಸಲಿ. ಅದನ್ನು ಒರೆಸುವುದು, ದಿಂಬು ಉಬ್ಬಿಸುವುದು, ಹಾಸಿಗೆಯ ಸುಕ್ಕು ತೆಗೆಯುವುದು ಅವಳ ಕೆಲಸ. ಬೀಗದ ಕೈ ಅವಳ ಬಳಿಯೇ ಇರುವುದರಿಂದ ಆಫೀಸಿನವರು ಅವಳನ್ನು ‘ಓನರಮ್ಮ’ ಎಂದು ಕರೆಯುತ್ತಾರೆ.

“ಓನರಮ್ಮ, ಬಾಡಿಗೆಗೆ ಕೊಡ್ತೀರಾ?”

“ನೀರಿಲ್ಲ ಸಾರ್. ಒಗ್ಗುತ್ತಾ?”

ಈ ಮಾತು ದಿನಕ್ಕೊಮ್ಮೆಯಾದರೂ ನಡೆಯುತ್ತದೆ. ಯಾರೂ ನಗುವುದಿಲ್ಲ.

ಅವಳು ನೋಡಿಕೊಂಡ ಮೊದಲ ಮಾದರಿ ಮನೆ ಊರ ಅಂಚಿನಲ್ಲಿತ್ತು. ಇಲ್ಲಿಗೆ ಯಾರು ಬರುತ್ತಾರೆ, ನರಿ ಬರಬೇಕು ಎಂದು ಜನ ಆಡಿಕೊಂಡಿದ್ದರು. ಆ ಗೋಪುರ ಈಗ ಸುತ್ತಲಿನ ಗೋಪುರಗಳ ನಡುವೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಅವಳಿಗೇ ಆಗುವುದಿಲ್ಲ. ಕಟ್ಟಡ ಮುಗಿದ ಮೇಲೆ ಮಾದರಿ ಮನೆಯನ್ನು ಒಡೆದು ಆ ಜಾಗದಲ್ಲಿ ಕಾರಿನ ದಾರಿ ಮಾಡುತ್ತಾರೆ. ಅವಳು ಪರದೆ ಬಿಚ್ಚಿ ಗಂಟು ಕಟ್ಟಿಕೊಂಡು ಮುಂದಿನ ಮಾದರಿ ಮನೆಗೆ ಹೋಗುತ್ತಾಳೆ. ಅದು ಇನ್ನಷ್ಟು ಹೊರಗೆ. ಬಸ್ಸಿನ ಕೊನೆಯ ನಿಲ್ದಾಣ ಸ್ವಲ್ಪ ತಡವಾಗಿ ಅವಳ ಹಿಂದೆಯೇ ಬರುತ್ತದೆ. ಒಡೆಯುವಾಗ ಬೇಜಾರಾಗುವುದಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, “ಬೇಜಾರಾಗೋಕೆ ಅದೇನು ನಮ್ಮಪ್ಪಂದಾ?” ಎಂದಿದ್ದಳು.

ಮಾದರಿ ಮನೆಗೆ ಕೆಲವು ಕಟ್ಟುಪಾಡುಗಳಿವೆ. ಮಂಚವನ್ನು ಅಳತೆಗಿಂತ ಗಿಡ್ಡ ಮಾಡಿಸುತ್ತಾರೆ, ಆಗ ಕೋಣೆ ಉದ್ದ ಕಾಣುತ್ತದೆ. ಕೋಣೆಗಳಿಗೆ ಚೌಕಟ್ಟು ಮಾತ್ರ ಇರುತ್ತದೆ, ಬಾಗಿಲಿರುವುದಿಲ್ಲ. ಬಾಗಿಲಿದ್ದರೆ ಅದು ತೆರೆದುಕೊಳ್ಳಲು ಜಾಗ ಬೇಕು, ಆಗ ಕೋಣೆಯ ಬಂಡವಾಳ ಬಯಲಾಗುತ್ತದೆ. “ಇದು ಮೋಸ ಅಲ್ಲಮ್ಮ, ಕಣ್ಣಿಗೆ ಮಾಡೋ ಉಪಕಾರ” ಎನ್ನುತ್ತಾನೆ ಬಡಗಿ. ಅವಳಿಗೂ ಎರಡು ನಿಯಮ: ಯಾವುದರ ಮೇಲೂ ಕೂರಬಾರದು, ಬಂದವರು ಏನು ಕೇಳಿದರೂ “ಸಾರ್ ಹೇಳ್ತಾರೆ” ಎನ್ನಬೇಕು. ಬಸ್ ಡಿಪೋದ ಹಿಂದಿನ ತನ್ನ ಒಂದೇ ಕೋಣೆಯ ಮನೆಯಲ್ಲೂ ಅವಳು ಮಂಚದ ತುದಿಯಲ್ಲಿ ಕೂರುತ್ತಾಳೆ. “ಇದನ್ನ ಕೊಳ್ಳೋಕೆ ಯಾರೂ ಬರಲ್ಲ ಕಣೇ, ಸರಿಯಾಗಿ ಕೂತ್ಕೋ” ಎನ್ನುತ್ತಾನೆ ಗಂಡ. ಅವಳು ಸ್ವಲ್ಪ ಹಿಂದೆ ಸರಿದು, ಮತ್ತೆ ತುದಿಗೆ ಬರುತ್ತಾಳೆ.

ಅಕ್ಕ ಮತ್ತು ಭಾವ ಒಂದು ದಿನ ಈ ಮನೆ ನೋಡಲು ಬಂದರು. ಅವರ ಹಳೆಯ ಮನೆಯಿದ್ದ ಇಡೀ ಸಾಲನ್ನು ಕೆಡವಿ ಅಲ್ಲೂ ಒಂದು ಗೋಪುರ ಕಟ್ಟುವವರಿದ್ದರು. ಮನೆ ಬಿಟ್ಟುಕೊಡುವ ಪತ್ರಕ್ಕೆ ಭಾವ ಆಗಲೇ ಸಹಿ ಹಾಕಿಯಾಗಿತ್ತು. ಅಮ್ಮ ಇರುವುದು ಅವರ ಜೊತೆ. ಅಮ್ಮ ಎತ್ತರದ ಹೆಂಗಸು. ಸೊಂಟದ ಮೂಳೆ ಮುರಿದ ಮೇಲೆ ಮಂಚ ಬಿಟ್ಟು ಏಳುವಂತಿಲ್ಲ, ಕಾಲು ನೀಟಾಗಿ ಚಾಚಿಯೇ ಮಲಗಿರಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅಕ್ಕನಿಗೆ ಹಾಲು, ಅಡುಗೆಮನೆ ಯಾವುದೂ ಬೇಕಿರಲಿಲ್ಲ. ನೇರವಾಗಿ ಚಿಕ್ಕ ಕೋಣೆಗೆ ಹೋಗಿ ನಿಂತಳು.

“ಅಮ್ಮನ ಮಂಚ ಇಲ್ಲಿ ಹಿಡಿಯುತ್ತಾ?”

“ಆರಾಮಾಗಿ ಮೇಡಂ. ನೋಡಿ, ಮಂಚ ಹಾಕಿಯೂ ಓಡಾಡೋಕೆ ಇಷ್ಟು ಜಾಗ” ಎಂದ ಸೇಲ್ಸಿನವನು.

ಅಕ್ಕ ತಂಗಿಯತ್ತ ತಿರುಗಿದಳು. “ನೀನ್ ಹೇಳೇ. ದಿನಾ ಇಲ್ಲೇ ಬಿದ್ದಿರ್ತೀಯಲ್ಲ.”

ಅವಳು ಸಾರ್ ಹೇಳ್ತಾರೆ ಎನ್ನಬೇಕಿತ್ತು. ಚಪ್ಪಲಿ ಬಿಟ್ಟಳು. ಬೆಳಿಗ್ಗೆ ತಾನೇ ಸುಕ್ಕು ತೆಗೆದ ಹಾಸಿಗೆಯ ಮೇಲೆ, ತಲೆಯನ್ನು ದಿಂಬಿಗಿಟ್ಟು, ಅಂಗಾತ ಮಲಗಿದಳು. ಮಂಚ ಮುಗಿದ ಮೇಲೂ ಅವಳ ಕಾಲು ಮುಂದುವರಿದಿತ್ತು. ಎರಡೂ ಪಾದಗಳು ಗಾಳಿಯಲ್ಲಿದ್ದವು. ಅವಳು ಅಮ್ಮನಿಗಿಂತ ಗೇಣುದ್ದ ಕಮ್ಮಿ.

ಭಾವ ಮೊದಲು ನಕ್ಕ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಿದ್ದಾ? ಏಳಮ್ಮಾ, ಡ್ಯೂಟಿ ಟೈಮಲ್ಲಿ ನಿದ್ದೆ!”

ಅಕ್ಕ ನಗಲಿಲ್ಲ. ಪಾದಗಳನ್ನು ನೋಡಿದಳು, ಮಂಚವನ್ನು ನೋಡಿದಳು. “ಗಿಡ್ಡ ಮಾಡ್ಸಿದಾರಾ ಇದನ್ನ?”

“ಹ್ಞೂಂ. ಅಮ್ಮಂದು ಹಾಕಿದ್ರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತೆ. ಇಲ್ಲಿ ಬಾಗಿಲೇ ಇಲ್ಲ, ನೋಡಿದ್ಯಾ?” ಮಲಗಿದಲ್ಲಿಂದಲೇ ಹೇಳಿದಳು.

ಸೇಲ್ಸಿನವನು ಫೋನ್ ನೋಡುತ್ತ ಹೊರಗೆ ಹೋದ. ಇಂಥ ಹೊತ್ತಿನಲ್ಲಿ ಮನೆಯವರನ್ನು ಮನೆಯವರಿಗೇ ಬಿಡುವುದು ಒಳ್ಳೆಯದು ಎಂಬುದು ಅವನ ಅನುಭವ. ಗಂಡ ಹೆಂಡತಿ ಮೆಲ್ಲಗೆ ಮಾತಾಡಿಕೊಂಡರು. ಬೇರೆ ಕಡೆ ಹೋಗುವುದೆಂದರೆ ಇನ್ನೂ ದೂರ, ಭಾವನ ಕೆಲಸಕ್ಕೆ ಎರಡು ಬಸ್ಸು. ಇದಕ್ಕಿಂತ ದೊಡ್ಡ ಕೋಣೆಯ ಫ್ಲ್ಯಾಟು ಕೈಗೆ ಎಟುಕುವುದಿಲ್ಲ. ಹಳೆಯ ಮನೆಯ ಕಿಟಕಿಗಳನ್ನು ಆಗಲೇ ಕಿತ್ತುಕೊಂಡು ಹೋಗಿದ್ದರು.

“ಬಾಗಿಲು ತಾನೇ? ತೆಗೆಸಿಬಿಟ್ರಾಯ್ತು” ಎಂದಳು ಅಕ್ಕ. “ಅಮ್ಮನ ರೂಮಿಗೆ ಬಾಗಿಲು ಯಾಕೆ? ಹಾಲಿಂದ ಕಣ್ಣಿಗೆ ಬೀಳ್ತಾ ಇದ್ರೆ ನೋಡ್ಕೊಳೋಕೂ ಸಲೀಸು.”

“ಅಮ್ಮನ್ನ ಒಂದು ಮಾತು ಕೇಳೇ.”

“ಕೇಳಿದ್ರೆ ಏನಂತಾಳೆ? ನಿಮ್ಮಿಷ್ಟ ಅಂತಾಳೆ.” ಅಕ್ಕ ತಂಗಿಯ ತೋಳು ಹಿಡಿದು ಎಬ್ಬಿಸಿದಳು. “ನೀ ಹೇಳಿದ್ದು ಒಳ್ಳೇದಾಯ್ತು ಕಣೇ. ಇಲ್ದಿದ್ರೆ ಸಾಮಾನು ತಂದಿಳಿಸಿದ ದಿನ ಒದ್ದಾಡಬೇಕಿತ್ತು.”

ಅವರು ಆಫೀಸಿನ ಕಡೆ ಹೋದರು. ಸೇಲ್ಸಿನವನು ಚೌಕಟ್ಟಿನಲ್ಲಿ ತಲೆ ಹಾಕಿ, “ಓನರಮ್ಮ, ಬೆಡ್‌ಶೀಟ್ ಸರಿ ಮಾಡಿ. ಇನ್ನೊಂದು ಪಾರ್ಟಿ ಬರ್ತಿದೆ” ಎಂದ. ಅವಳು ಸುಕ್ಕು ತೆಗೆದಳು.

ಗೋಪುರ ಮುಗಿಯಿತು, ಮಾದರಿ ಮನೆ ಹೋಯಿತು. ಅವಳು ಈಗ ನಗರದ ಇನ್ನೊಂದು ತುದಿಯಲ್ಲಿದ್ದಾಳೆ. ರಜೆಯ ದಿನ ಅಕ್ಕನ ಮನೆಗೆ ಹೋಗುತ್ತಾಳೆ. ಲಿಫ್ಟು ಚೆನ್ನಾಗಿದೆ, ನಲ್ಲಿಯಲ್ಲಿ ನೀರು ಬರುತ್ತದೆ. ಅಮ್ಮ ತನ್ನದೇ ಮಂಚದ ಮೇಲೆ ಕಾಲು ನೀಟಾಗಿ ಚಾಚಿಕೊಂಡು ಮಲಗಿರುತ್ತಾಳೆ. ತಲೆದಿಂಬಿಗೆ ಎದುರಾಗಿ ಹಾಲಿನ ಸೋಫಾ, ಸೋಫಾದಲ್ಲಿ ಭಾವ, ಟಿವಿ, ಒಮ್ಮೊಮ್ಮೆ ಪಕ್ಕದ ಫ್ಲ್ಯಾಟಿನವರು. ಊಟದ ಹೊತ್ತಿಗೆ ಭಾವ ಅಲ್ಲಿಂದಲೇ “ಅತ್ತೆ, ಉಪ್ಪು ಸಾಕಾ?” ಎಂದು ಕೇಳುತ್ತಾನೆ. ಅಮ್ಮ ಸಾಕು ಎನ್ನುತ್ತಾಳೆ.

ಬಟ್ಟೆ ಬದಲಾಯಿಸುವಾಗ ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಾಳೆ. ಅಕ್ಕ ಬಟ್ಟೆ ತೊಡಿಸುತ್ತಾಳೆ. ಅವಳು ಬಾಗಿಲಿಲ್ಲದ ಚೌಕಟ್ಟಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಒಂದು ಹೊದಿಕೆಯನ್ನು ಅಡ್ಡ ಹಿಡಿಯುತ್ತಾಳೆ.

“ಆಯ್ತಾ?” ಎನ್ನುತ್ತಾಳೆ, ಹಿಂದೆ ತಿರುಗದೆ.

“ಇನ್ನೂ ಇಲ್ಲ, ಹಿಡ್ಕೋ” ಎನ್ನುತ್ತಾಳೆ ಅಮ್ಮ.

ತೋಳು ನೋಯುತ್ತದೆ. ಅವಳು ಹಿಡಿದುಕೊಂಡೇ ಇರುತ್ತಾಳೆ.