ಬುಶ್ತಾ ಮೇಷ್ಟ್ರ ಉಸಿರು

ಕಾಸಾಬ್ಲಾಂಕಾದ ಬಂದರು ಕೇರಿಯಲ್ಲಿ ಬುಶ್ತಾ ಮೇಷ್ಟ್ರನ್ನು ಅರಿಯದವರಿಲ್ಲ. ಪುದೀನಾ ಚಹಾ ತಣ್ಣಗಾಗುವವರೆಗೆ ಸಮತಾವಾದ ಹೇಳುತ್ತಾರೆ. ಕೇಳುವವರು ಎದ್ದುಹೋದರೆ ಖಾಲಿ ಕುರ್ಚಿಗೆ ಮುಂದುವರಿಸುತ್ತಾರೆ. ಅವರ ಪಕ್ಷ ಒಡೆದು, ಒಡೆದದ್ದು ಮತ್ತೆ ಒಡೆದು, ಕೊನೆಯ ಬಣದಲ್ಲಿ ಈಗ ಅವರೊಬ್ಬರೇ; ಆದರೂ ತಿಂಗಳ ಸಭೆ ತಪ್ಪಿಸದೆ ನಡೆಸಿ, ತಮ್ಮ ವರದಿಗೆ ತಾವೇ ಆಕ್ಷೇಪ ಎತ್ತುತ್ತಾರೆ. ಬೇಸರ ಕಳೆಯಲು ಹಳೇ ಪುಸ್ತಕವೊಂದನ್ನು ನೋಡಿ ಪ್ರಾಣಾಯಾಮ ಹಿಡಿದರು. "ಗಾಳಿಗಿನ್ನೂ ಯಜಮಾನ ಹುಟ್ಟಿಲ್ಲ ನೋಡು, ಬೇಕಾದಷ್ಟು ಎಳ್ಕೊ" ಎಂದು ಚಹಾದಂಗಡಿಯವನಿಗೂ ಬೋಧಿಸುತ್ತಾರೆ. ಉಸಿರು ಹಿಡಿದು ಮೇಷ್ಟ್ರು ಮೂರು ಸಲ ಎಚ್ಚರ ತಪ್ಪಿ ಬಿದ್ದ ಮೇಲೆ ಅವರ ಹಳೇ ವಿದ್ಯಾರ್ಥಿನಿ ಡಾಕ್ಟರ್ ಗಿಜ್ಲಾನ್‌ಗೆ ಸಿಟ್ಟು ಬಂತು. "ಮೇಷ್ಟ್ರೇ, ಈ ವಯಸ್ಸಲ್ಲಿ ಹೀಗೆ ಉಸಿರು ಕಟ್ಟಿದ್ರೆ ಎದೆ ನಿಂತೋಗತ್ತೆ. ಎಷ್ಟು ಎಣಿಸೋವರೆಗೂ ಹಿಡೀತೀರಿ?" ಮೇಷ್ಟ್ರು ಅಂಕಿ ಎಣಿಸುವವರಲ್ಲ. ಜೈಲಿನಲ್ಲಿ ಸತ್ತ, ಆಮೇಲೆ ಒಬ್ಬೊಬ್ಬರಾಗಿ ಹೋದ ಸಂಗಾತಿಗಳ ಹೆಸರನ್ನೆಲ್ಲ ಮನಸ್ಸಿನಲ್ಲೇ ಹೇಳಿ ಮುಗಿಸುವವರೆಗೆ ಹಿಡಿಯುತ್ತಾರೆ. ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಮೇಷ್ಟ್ರು ಇದನ್ನು ಹೇಳಿದಾಗ, "ಅರ್ಧಕ್ಕೇ ಬಿಟ್ಬಿಡಿ" ಎಂದಳು. ಮೇಷ್ಟ್ರು ಅವಳು ಕೊಟ್ಟ ಔಷಧಿ ಚೀಟಿಯನ್ನು ತಿರುವಿ, ಹಿಂಬದಿಯಲ್ಲಿ ಅಷ್ಟೂ ಹೆಸರು ಬರೆದು, ಪೆನ್ನನ್ನು ಅವಳ ಕೈಗಿತ್ತರು. "ಯಾರ್ಯಾರನ್ನ ಬಿಡ್ಲಿ, ನೀನೇ ಗೀಟು ಹಾಕಮ್ಮ." ನಾಲ್ಕನೆಯ ಹೆಸರು ಅವಳ ಅಪ್ಪನದು.