ಕೊಸರಿಗೆ ಕೊಟ್ಟ ಹೆಸರು

ಇಂಟರ್ನೆಟ್ಟಿನ ಹೆಸರುಗಳನ್ನು ಕೊಂಡು ಇಟ್ಟುಕೊಂಡರೆ ದುಡ್ಡು ಮಾಡಬಹುದು ಎಂದು ನನ್ನ ತಲೆಗೆ ಹುಳ ಬಿಟ್ಟವನು ಈಗ ಎದುರಿಗೆ ಸಿಕ್ಕರೆ ಒಂದೆರಡು ಮಾತು ಬೈಯದೆ ಬಿಡುವುದಿಲ್ಲ. ಅವನದೇನೂ ತಪ್ಪಿಲ್ಲ, ಅದೂ ನನಗೆ ಗೊತ್ತು. ಆದರೆ ಎಷ್ಟು ದಿನ ಅಂತ ನನ್ನನ್ನೇ ನಾನು ಬೈದುಕೊಳ್ಳುವುದು? ನನಗೂ ಸಾಕಾಗಿದೆ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮೊದಲು ಅದು ಬ್ರೌಸಿಂಗ್ ಸೆಂಟರ್ ಆಗಿತ್ತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಜೆರಾಕ್ಸು, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್ ಎಂದು ಹೊಟ್ಟೆ ಹೊರೆಯುತ್ತಿದೆ. ಪ್ರಾಜೆಕ್ಟ್ ರಿಪೋರ್ಟಿನ ಪ್ರಿಂಟಿಗೆ ಕಾಯುತ್ತ ಕೂತಿದ್ದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಈ ವ್ಯಾಪಾರದ ಗುಟ್ಟು ಹೇಳಿದ. ಒಂದು ಹೆಸರನ್ನು ಮೊದಲು ಯಾರು ಬರೆಸಿಕೊಳ್ಳುತ್ತಾರೋ ಆ ವಿಳಾಸ ಅವರದು. ವರ್ಷಕ್ಕೊಮ್ಮೆ ಚಿಕ್ಕ ಶುಲ್ಕ ಕಟ್ಟುತ್ತಿದ್ದರೆ ಸಾಕು. ಮುಂದೆ ದೊಡ್ಡ ಕಂಪನಿಗೆ ಅದೇ ಹೆಸರು ಬೇಕಾದರೆ ನಮ್ಮ ಬಾಗಿಲಿಗೇ ಬರಬೇಕು, ನಾವು ಹೇಳಿದ ರೇಟು ಕೊಡಬೇಕು. ಅವನು ಪ್ರಿಂಟು ತಗೊಂಡು ಹೋದ. ನನಗೆ ಅವತ್ತು ಊಟ ಸೇರಲಿಲ್ಲ.

ಹೊಸದೇನೋ ಕೇಳಿದೆ ಎಂದು ಹೀಗಾಗಲಿಲ್ಲ, ಬಹಳ ಹಳೆಯದನ್ನೇ ಮತ್ತೆ ಕೇಳಿದ ಹಾಗಾಯಿತು. ಅಪ್ಪ ಕೋಟೆಯ ಹತ್ತಿರ ಚಿಕ್ಕದಾಗಿ ಅಡಿಕೆ ವ್ಯಾಪಾರ ಮಾಡುತ್ತಿದ್ದರು. ಮೂಟೆ ಕೊಳ್ಳುವುದು, ಗೋಡೌನಿಗೆ ಹಾಕುವುದು, ರೇಟು ಬರಲಿ ಎಂದು ಕೂರುವುದು. ನಮ್ಮ ಮನೆಯಲ್ಲಿ ದೇವರಿಗೆ ಕೈಮುಗಿಯುವಾಗಲೂ ಕೇಳುತ್ತಿದ್ದದ್ದು ಅದೊಂದನ್ನೇ. ಮೂಟೆ ಒಳಗಿಡುವುದು ನನ್ನ ರಕ್ತದಲ್ಲೇ ಬಂದಿತ್ತು. ಹೆಸರಿಗೆ ಹುಳ ಹಿಡಿಯುವುದಿಲ್ಲ, ಮಳೆಗಾಲದಲ್ಲಿ ಬೂಷ್ಟು ಬರುವುದಿಲ್ಲ, ಹಮಾಲರ ಕೂಲಿಯಿಲ್ಲ. ಅಡಿಕೆಗಿಂತ ಇದೇ ವಾಸಿ ಎಂದುಕೊಂಡೆ.

ಕೊಂಡೆ. ಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಊರ ಹೆಸರನ್ನು ಇಂಗ್ಲಿಷಿನವರ ಹಾಗೆ ಶಿಮೊಗ ಎಂದು ಬರೆದು ಹೋಟೆಲು, ಟ್ಯಾಕ್ಸಿ, ಸೈಟು ಎಂದು ಒಂದೊಂದು ಬಾಲ ಅಂಟಿಸಿ ರಾಶಿ ಹಾಕಿಕೊಂಡೆ. ಸರ್ಕಾರ ಊರಿನ ಹೆಸರನ್ನೇ ತಿದ್ದಿ ಶಿವಮೊಗ್ಗ ಮಾಡಿತು. ಆಮೇಲೆ ವಿಮಾನ ಬರುತ್ತದೆ ಎಂದು ಊರೆಲ್ಲ ಮಲವಗೊಪ್ಪದ ಕಡೆ ಸೈಟು ನೋಡಲು ಓಡಿತು. ನಾನು ಕೂತಲ್ಲೇ ಕೂತು ವಿಮಾನದ ಹೆಸರುಗಳನ್ನು ಕೊಂಡೆ. ವಿಮಾನವೂ ಬಂತು. ನನ್ನನ್ನು ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ. ಕೇಳಿಕೊಂಡು ಬಂದದ್ದು ಒಂದೇ ಒಂದು ಹೆಸರನ್ನು. ಅದನ್ನು ನಾನು ಮಾರಲೆಂದು ಕೊಂಡಿರಲೇ ಇಲ್ಲ.

ಅಣ್ಣ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದ. ಕಾಲೇಜು ಓದುವಾಗ ನಾನು ಅವನ ಕ್ವಾರ್ಟರ್ಸಿನಲ್ಲೇ ಇದ್ದೆ. ಆ ವಯಸ್ಸಿನ ಹಸಿವು, ಕೇಳಬೇಕೆ? ಬಸ್ಸಿಳಿದು ಕ್ವಾರ್ಟರ್ಸಿನ ಸಾಲು ಕಾಣುತ್ತಿದ್ದ ಹಾಗೆ "ಅತ್ತಿಗೇ" ಎಂದು ಕೂಗಿಕೊಂಡೇ ಬರುತ್ತಿದ್ದೆ. ನಾನು ಗೇಟಿಗೆ ಬರುವಷ್ಟರಲ್ಲಿ ತಟ್ಟೆ ಹಾಕಿರಬೇಕು, ಇಲ್ಲದಿದ್ದರೆ ಮುಖ ಊದಿಸುತ್ತಿದ್ದೆ. ಆ ಸಾಲಿನಲ್ಲಿ ತಮಿಳರಿದ್ದರು, ತೆಲುಗಿನವರಿದ್ದರು, ನಮ್ಮವರಿದ್ದರು. ನನ್ನ ಕೂಗು ಕೇಳಿ ಕೇಳಿ ಅವರ ಬಾಯಿಗೂ ಅದೇ ಬಂತು. ಅತ್ತಿಗೆಗಿಂತ ಹಿರಿಯರಾದ ಗಂಡಸರೂ ಅವರನ್ನು ಅತ್ತಿಗೆ ಎನ್ನುತ್ತಿದ್ದರು. ಹಾಲಿನವನು ಎನ್ನುತ್ತಿದ್ದ, ಗ್ಯಾಸಿನವನು ಎನ್ನುತ್ತಿದ್ದ.

ಪಕ್ಕದ ಮನೆಯ ತಮಿಳರವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಾಗ ಅತ್ತಿಗೆ ಅವನಿಗೊಂದು ಕ್ಯಾರಿಯರ್ ಕಟ್ಟಿಕೊಟ್ಟರು. ಅವನ ಜೊತೆ ಊಟಕ್ಕೆ ಕೂರುತ್ತಿದ್ದವರು ನಮಗೂ ಬೇಕು ಎಂದರು. ಆಮೇಲೆ ಕಾರ್ಖಾನೆಯ ಕೆಲಸ ಕಮ್ಮಿಯಾಗುತ್ತ ಬಂತು, ಅಣ್ಣ ಸ್ವಯಂನಿವೃತ್ತಿ ತಗೊಂಡು ಮನೆಗೆ ಬಂದ. ಬಂದವನು ಸ್ವಲ್ಪ ದಿನ ಗೋಡೆ ನೋಡುತ್ತ ಕೂತ. ಅತ್ತಿಗೆ ಅವನ ಕೈಗೆ ಕ್ಯಾರಿಯರ್ ಚೀಲ ಕೊಟ್ಟು, "ಸೈಕಲ್ ಇದೆಯಲ್ಲ, ಎದ್ದು ಕೊಟ್ಟು ಬನ್ನಿ" ಎಂದರು. ಅಲ್ಲಿಂದ ಮುಂದೆ ಆ ಮನೆ ನಡೆದದ್ದು ಅತ್ತಿಗೆಯ ಒಲೆಯಿಂದ.

ಖುಷಿಗೆ ನಾನು "ಅತ್ತಿಗೆಮನೆ" ಎಂಬ ಹೆಸರನ್ನು ಬರೆಸಿದೆ. ಹೋಗಿ ಹೇಳಿದಾಗ ಅವರು ರೊಟ್ಟಿ ತಟ್ಟುತ್ತಿದ್ದರು.

"ಕಂಪ್ಯೂಟರಲ್ಲಿ ನನ್ನ ಹೆಸರು ಇಟ್ಕೊಂಡು ಏನ್ ಮಾಡ್ತೀಯ ಮಾರಾಯ? ತಿನ್ನಕ್ಕಾಗುತ್ತಾ?"

"ತಿನ್ನೋರು ಹುಡುಕ್ಕೊಂಡು ಬರ್ತಾರೆ, ನೋಡ್ತಿರಿ," ಎಂದೆ.

ಬಂದರು ಕೂಡ. ಅವರೆಕಾಳಿನ ಸಾರು, ಅಕ್ಕಿರೊಟ್ಟಿ, ಹುರುಳಿ ಚಟ್ನಿ, ಎಲ್ಲದರ ಫೋಟೊ ಹಾಕಿ, ಫೋನ್ ನಂಬರ್ ಕೊಟ್ಟು ಒಂದು ಪುಟ ಮಾಡಿದ್ದೆ. ಶಿವಮೊಗ್ಗದಿಂದಲೂ ಫೋನು ಬರತೊಡಗಿತು. ಅತ್ತಿಗೆ ಒಬ್ಬ ಪೇಂಟರನ್ನು ಹಿಡಿದು ಹಸಿರು ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ "ಅತ್ತಿಗೆಮನೆ" ಎಂದು ಬರೆಸಿ ಗೇಟಿಗೆ ಕಟ್ಟಿಸಿದರು. ದಿನಾ ಬೆಳಿಗ್ಗೆ ರಂಗೋಲಿ ಹಾಕಿದ ಮೇಲೆ ಒದ್ದೆ ಬಟ್ಟೆಯಲ್ಲಿ ಆ ಬೋರ್ಡನ್ನು ಒರೆಸುತ್ತಿದ್ದರು. ಅಣ್ಣ, "ನನ್ನ ಮುಖಾನೂ ಹಿಂಗೆ ಒರೆಸಿದ್ರೆ ನಾನೂ ಹೊಳೀತಿದ್ದೆ" ಎಂದು ರೇಗಿಸುತ್ತಿದ್ದ.

ಕ್ವಾರ್ಟರ್ಸ್ ಖಾಲಿ ಮಾಡಬೇಕಾಗುತ್ತದೆ ಎಂಬ ಮಾತು ಎದ್ದ ದಿನಗಳಲ್ಲೇ ನನಗೆ ಆ ಫೋನು ಬಂತು. ದೂರದ ಊರಿನ ಒಂದು ಕಂಪನಿ, ಸಾರಿನ ಪುಡಿ, ದಿಢೀರ್ ತಿಂಡಿ ಮಾಡುವವರು. ಹೊಸದಾಗಿ ತರುವ ಪೊಟ್ಟಣಗಳಿಗೆ ಅವರಿಗೆ ಇದೇ ಹೆಸರು ಬೇಕಿತ್ತು. ನಾನು ಬೈಕ್ ಹತ್ತಿ ಸೀದಾ ಭದ್ರಾವತಿಗೆ ಹೋದೆ. ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಕೊಡು. ನಮಗೆ ತಲೆ ಮೇಲೊಂದು ಸೂರು ಬೇಕು. ಹೆಸರು ತಗೊಂಡು ಹೋದೋರು ನನ್ನ ಕೈ ಕತ್ತರಿಸ್ಕೊಂಡು ಹೋಗ್ತಾರಾ?" ಎಂದರು. ಆಮೇಲೆ ಕೇಳಿದರು, "ನನ್ನ ಬೋರ್ಡು ಇರುತ್ತಲ್ಲ?"

"ಬೋರ್ಡಿಗೂ ಅದಕ್ಕೂ ಏನು ಸಂಬಂಧ? ಮಾರೋದು ಬರೀ ಕಂಪ್ಯೂಟರಿನ ವಿಳಾಸ," ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಚೌಕಾಸಿಯಲ್ಲಿ ನಾನು ಅಪ್ಪನ ಮಗ ಎಂದು ತೋರಿಸಿದೆ. ಅವರು ಒಂದು ರೇಟು ಹೇಳಿದರೆ ನಾನು ಮಾತಾಡುತ್ತಿರಲಿಲ್ಲ. ಹಲೋ ಸಾರ್, ಲೈನಲ್ಲಿದ್ದೀರಾ ಎನ್ನುವರು. ಇದ್ದೇನೆ ಎಂದು ಮತ್ತೆ ಸುಮ್ಮನಾಗುತ್ತಿದ್ದೆ. ರೇಟು ನಾನು ಕನಸಿನಲ್ಲೂ ನೆನೆಸದ ಕಡೆ ಬಂದು ನಿಂತಿತು. ಆಯಿತು ಎಂದೆ. ನನ್ನ ಜೀವಮಾನದ ವ್ಯಾಪಾರ ಅದು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎನಿಸಿ ಕಣ್ಣು ತುಂಬಿ ಬಂತು.

ಆಗ ಅವರ ಕಡೆಯ ಹೆಣ್ಣುಮಗಳು, ಕರಾರು ಪತ್ರ ನೋಡಿಕೊಳ್ಳುವವರು, ಬಹಳ ಮೆತ್ತಗೆ ಹೇಳಿದರು: "ಒಂದು ಸಣ್ಣ ವಿಷಯ ಸಾರ್. ಮುಂದೆ ಊಟ ತಿಂಡಿ ವ್ಯಾಪಾರದಲ್ಲಿ ನಿಮ್ಮ ಕಡೆಯವರು ಈ ಹೆಸರು ಬಳಸೋದಿಲ್ಲ ಅಂತ ಒಂದು ಸಾಲು ಸೇರಿಸ್ತೀವಿ. ಪರವಾಗಿಲ್ವಾ?"

ಬೇರೆ ಯಾವ ಊರಿನವನಾದರೂ ಯಾಕೆ ಎಂದು ಕೇಳುತ್ತಿದ್ದ. ಇಲ್ಲವೇ ಅದಕ್ಕೆ ಬೇರೆ ರೇಟು ಎನ್ನುತ್ತಿದ್ದ. ನನಗೆ ಆ ಗಳಿಗೆಯಲ್ಲಿ ಕಂಡದ್ದು ಅಪ್ಪನ ತಕ್ಕಡಿ. ಅಡಿಕೆ ತೂಗಿ, ಮುಳ್ಳು ನಿಂತು, ಲೆಕ್ಕ ಮುಗಿದ ಮೇಲೆ ಅಪ್ಪ ರಾಶಿಯಿಂದ ಒಂದು ಹಿಡಿ ಎತ್ತಿ ಗಿರಾಕಿಯ ಚೀಲಕ್ಕೆ ಹಾಕುತ್ತಿದ್ದರು. ಅದು ಕೊಸರು. ಚೌಕಾಸಿಯಲ್ಲಿ ಕಾಸಿಗೆ ಕಾಸು ಜಗ್ಗಾಡಿದ ಮನುಷ್ಯ, ವ್ಯಾಪಾರ ಕುದುರಿದ ಮೇಲೆ ಕೊಸರಿಗೆ ಮಾತ್ರ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಕೊಸರು ಹಾಕದೆ ಯಾರನ್ನೂ ಕಳಿಸಬೇಡ, ಅಳೆದು ಹಾಕಬೇಡ ಎಂದು ನನಗೂ ಹೇಳಿದ್ದರು. ಮುಳ್ಳು ನಿಂತಿತ್ತು. ನನ್ನ ಕೈ ತಾನಾಗಿಯೇ ರಾಶಿಗೆ ಹೋಯಿತು.

"ಆಯ್ತು ಬಿಡಿ, ಅದೂ ಇರಲಿ," ಎಂದೆ. ಅಷ್ಟಕ್ಕೆ ನಿಲ್ಲಿಸಿದೆನೇ? ಅತ್ತಿಗೆಯ ಬೋರ್ಡಿನ ಫೋಟೊವನ್ನೂ, ಅದೇ ಥರದ ಇನ್ನೆರಡು ಹೆಸರುಗಳನ್ನೂ ಪುಕ್ಕಟೆ ಸೇರಿಸಿಕೊಟ್ಟೆ. ಆ ಹೆಣ್ಣುಮಗಳು ಥ್ಯಾಂಕ್ಯೂ ಸಾರ್ ಎಂದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಇವತ್ತು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಕಾಗದಕ್ಕೆ ಅತ್ತಿಗೆಯ ಸಹಿಯೂ ಬೇಕಿತ್ತು, ವ್ಯಾಪಾರ ಅವರದಲ್ಲವೇ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು, "ಎಲ್ಲಿ?" ಎಂದರು. ನಾನು ಬೆರಳಿಟ್ಟು ತೋರಿಸಿದಲ್ಲಿ ಹಾಕಿದರು. ಏನಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ, ಮುಚ್ಚಿಟ್ಟದ್ದಲ್ಲ, ಕೊಸರನ್ನು ಯಾರಾದರೂ ಲೆಕ್ಕದಲ್ಲಿ ಹೇಳುತ್ತಾರೆಯೇ?

ಬಂದ ದುಡ್ಡನ್ನು ಪೂರ್ತಿ ಅವರಿಗೇ ಕೊಟ್ಟೆ. ಅಣ್ಣನ ಉಳಿತಾಯವೂ ಸೇರಿ ಮಲವಗೊಪ್ಪದಲ್ಲಿ ಎರಡು ಕೋಣೆಯ ಮನೆಯಾಯಿತು. ಅತ್ತಿಗೆ ಬೋರ್ಡಿಗೆ ಹಳೆ ಸೀರೆ ಸುತ್ತಿ ಲಗೇಜ್ ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಹಾಲುಕ್ಕಿಸುವ ಮೊದಲು ಅದನ್ನು ಕಟ್ಟಿಸಿದರು. ಭದ್ರಾವತಿಯ ಹಳೆಯ ಗಿರಾಕಿಗಳು ಬೈಕಿನಲ್ಲಿ ಹುಡುಕಿಕೊಂಡು ಬಂದು, "ಅತ್ತಿಗೆ, ಇಲ್ಲಿದ್ದೀರಾ?" ಎಂದು ಬೋರ್ಡು ನೋಡಿ ಒಳಗೆ ಬರುತ್ತಿದ್ದರು. ನನಗೆ ಜನ್ಮ ಸಾರ್ಥಕವಾಯಿತು ಎನಿಸಿದ ದಿನಗಳು ಅವು.

ಮುಂದಿನ ಮಳೆಗಾಲಕ್ಕೆ ನೋಟಿಸು ಬಂತು. ಬೋರ್ಡು ಇಳಿಸಬೇಕು, ಆ ಹೆಸರಿನಲ್ಲಿ ಊಟ ಮಾರಬಾರದು. ನಾನು ಫೋನು ಹಚ್ಚಿ ಬಾಯಿಗೆ ಬಂದಂತೆ ಕೂಗಾಡಿದೆ. ಆ ಕಡೆಯಿಂದ ಅದೇ ಮೆತ್ತಗಿನ ದನಿ: "ನೀವೇ ಒಪ್ಪಿದ್ರಲ್ಲ ಸಾರ್." ಕೋಟೆಯ ಹತ್ತಿರ ಪರಿಚಯದ ವಕೀಲರೊಬ್ಬರಿದ್ದರು, ಕಾಗದ ತಗೊಂಡು ಅವರ ಹತ್ತಿರ ಓಡಿದೆ. ಅವರು ಓದಿ ಕನ್ನಡಕ ತೆಗೆದರು.

"ವಿಳಾಸ ಮಾರಿದ್ರಿ, ಸರಿ. ಈ ಸಾಲಿಗೆ ಅವರು ಏನೂ ಕೊಟ್ಟ ಹಾಗೆ ಕಾಣಲ್ಲ. ಯಾಕೆ ಒಪ್ಕೊಂಡ್ರಿ?"

"ಕೊಸರು ಅಂತ ಹಾಕ್ದೆ," ಎಂದೆ.

ಅವರು ನಗಲಿಲ್ಲ. ಅವರೂ ಈ ಊರಿನವರೇ.

ಅತ್ತಿಗೆಗೆ ಹೇಳುವುದಕ್ಕೆ ಹೋಗುವಾಗ ದಾರಿಯಲ್ಲಿ ಎರಡು ಸಲ ಬೈಕ್ ನಿಲ್ಲಿಸಿದೆ. ಬೈದುಬಿಡಲಿ ಎಂದು ಆಸೆಪಟ್ಟೆ. ಅವರು ಬೈಯಲಿಲ್ಲ. ಪೂರ್ತಿ ಕೇಳಿಸಿಕೊಂಡರು, ಸ್ಟೂಲು ತಂದು ತಾವೇ ಹತ್ತಿ ತಂತಿ ಬಿಚ್ಚಿದರು. ನಾನು ಹಿಡಿದುಕೊಳ್ಳಲು ಹೋದರೆ, "ಬಿಡು, ತಗಡು ಕೈಗೆ ಕುಯ್ಯುತ್ತೆ" ಎಂದರು. ಈಗ ಅದು ಹಿತ್ತಿಲಲ್ಲಿ ನೀರಿನ ತೊಟ್ಟಿಗೆ ಮುಚ್ಚಳವಾಗಿದೆ. ಅಕ್ಷರ ಇರುವ ಮೈ ಕೆಳಗಿದೆ.

ಬೇರೆ ಹೆಸರು ಇಡೋಣ ಎಂದು ಪೇಂಟರನ್ನು ಕರೆತಂದೆ. ಅವನು ಬ್ರಶ್ ಹಿಡಿದು ಏನು ಬರೆಯಲಿ ಎಂದು ಕಾದ. ಅತ್ತಿಗೆ ಬಹಳ ಹೊತ್ತು ಯೋಚಿಸಿ, "ಊಟ ಸಿಗುತ್ತದೆ ಅಂತ ಬರಿ ಸಾಕು" ಎಂದರು. ಹಾಗೇ ಬರೆದು ಹೋದ. ಹಳಬರು ಒಬ್ಬೊಬ್ಬರಾಗಿ ಕಡಿಮೆಯಾದರು, ಅಷ್ಟು ದೂರದಿಂದ ಎಷ್ಟು ದಿನ ಅಂತ ಬಂದಾರು? ಈಗ ಬರುವವರು ಹೊಸಬರು, ಕೆಲಸಕ್ಕೆಂದು ಊರಿಗೆ ಬಂದವರು. ಅವರು ಆಂಟಿ ಎನ್ನುತ್ತಾರೆ. ಮೊದಮೊದಲು ಅತ್ತಿಗೆಗೆ ಅದು ತಮ್ಮನ್ನೇ ಕರೆದದ್ದೆಂದು ತಿಳಿಯುತ್ತಿರಲಿಲ್ಲ, ಎರಡನೇ ಸಲ ಕರೆದ ಮೇಲೆ ತಿರುಗುತ್ತಿದ್ದರು.

ನಮ್ಮ ಸವಳಂಗ ರಸ್ತೆಯ ಅಂಗಡಿಗಳಲ್ಲಿ ಆ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿದ್ದಾರೆ. ಮೇಲೆ ಮೂಗುತಿ ಹಾಕಿದ ಯಾವಳೋ ಒಬ್ಬಳ ಚಿತ್ರ. ಅತ್ತಿಗೆಗೆ ಮೂಗುತಿಯೇ ಇಲ್ಲ. ಒಂದು ಸಲ ಸಾರಿನ ಪುಡಿ ತಗೊಂಡು ಹೋಗಿ ಕೊಟ್ಟೆ. ಅಂಗೈಗೆ ಹಾಕಿಕೊಂಡು ನೆಕ್ಕಿ, "ಉಪ್ಪು ಮುಂದಾಗಿದೆ" ಎಂದರು. ಭದ್ರಾವತಿಯ ಹಳೆ ನೆರೆಯವರೊಬ್ಬರು ಫೋನ್ ಮಾಡಿ, ನಿಮ್ಮ ಪುಡಿ ಅಂಗಡೀಲಿ ನೋಡಿದ್ವಿ, ದೊಡ್ಡವರಾಗಿಬಿಟ್ರಿ ಅತ್ತಿಗೆ ಎಂದರಂತೆ. ಅತ್ತಿಗೆ ಹೌದು ಎಂದು ಫೋನಿಟ್ಟರಂತೆ. ಇದನ್ನು ನನಗೆ ಹೇಳಿದವನು ಅಣ್ಣ.

ಉಳಿದ ಹೆಸರುಗಳಿಗೆ ಶುಲ್ಕ ಕಟ್ಟುವುದನ್ನು ನಿಲ್ಲಿಸಿದೆ. ಅವು ಒಂದೊಂದಾಗಿ ಹೋದವು, ನನಗೇನೂ ಅನಿಸಲಿಲ್ಲ. ಕಷ್ಟವಾದದ್ದು ಇನ್ನೊಂದು. ಮಲವಗೊಪ್ಪಕ್ಕೆ ಹೋದಾಗಲೆಲ್ಲ ನಾನು ಅವರನ್ನು ಕರೆಯುವುದನ್ನೇ ತಪ್ಪಿಸತೊಡಗಿದೆ. ಬಾಗಿಲಲ್ಲಿ ಕೆಮ್ಮುವುದು, ಇಲ್ನೋಡಿ ಎನ್ನುವುದು. ಆ ಶಬ್ದ ಬಾಯಿಯ ತುದಿಗೆ ಬಂದರೆ ಸಾಕು, ಮಾರಿದ ಮಾಲಿಗೆ ಮತ್ತೆ ಕೈ ಹಾಕಿದ ಹಾಗಾಗುತ್ತಿತ್ತು.

ಹೋದ ವಾರ ಊಟಕ್ಕೆ ಕೂತಿದ್ದೆ. ಅಣ್ಣ ಕ್ಯಾರಿಯರ್ ಕೊಡಲು ಹೋಗಿದ್ದ. ಅತ್ತಿಗೆ ಸಾರು ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ಕೇಳಿದರು:

"ಬೋರ್ಡು ಇಳಿಸಿದ ಮೇಲೆ ನೀನು ನನ್ನ ಒಂದು ದಿನವಾದ್ರೂ ಬಾಯಿ ತುಂಬ ಕರೆದಿದ್ದೀಯಾ?"

ನಾನು ಅನ್ನ ಕಲಸತೊಡಗಿದೆ.

"ನನ್ನ ಸಹಿ ಊಟದ ವ್ಯಾಪಾರಕ್ಕೆ ಅಂತ ತಾನೆ? ಮನೆಯೊಳಗಿನ ಹೆಸರೂ ಕೊಟ್ಟುಬಿಟ್ಯಾ ಮಾರಾಯ?"

"ಅತ್ತಿಗೆ," ಎಂದೆ. ನನಗೇ ಕೇಳಿಸಲಿಲ್ಲ.

"ಹಂಗಲ್ಲ. ಮೊದಲು ಕೂಗಿದ್ರೆ ಕ್ವಾರ್ಟರ್ಸಿನ ಆ ತುದಿಗೆ ಕೇಳ್ತಿತ್ತು. ಹಂಗೆ ಕರಿ," ಎಂದು ಸೌಟು ಪಾತ್ರೆಯಲ್ಲಿಟ್ಟು ನನ್ನ ಎದುರಿಗೇ ಕೂತರು.

ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ, "ಆಂಟಿ, ಎರಡು ಊಟ" ಎಂದರು. ಅತ್ತಿಗೆ ಒಂದೇ ಸಲಕ್ಕೆ ತಿರುಗಿದರು, ಬಂದೆ ಎಂದು ಎದ್ದು ಹೋದರು.