ಪೈನ್ ಮರದ ಎರಡು ಸಣ್ಣ ಉಂಗುರಗಳು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ನಾನು ಪುಣೆಯ ಒಂದು ಸರ್ಕಾರಿ ತೋಟದಲ್ಲಿ ಕೀಟ ವಿಭಾಗದ ಸಹಾಯಕನಾಗಿದ್ದೆ. ಧಾರವಾಡ ಬಿಟ್ಟು ಎಂಟು ತಿಂಗಳಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತೋಟದ ಉತ್ತರದ ಅಂಚಿನಲ್ಲಿ ಹದಿನೆಂಟು ಪೈನ್ ಮರಗಳಿದ್ದವು. ತಂಪು ಬೆಟ್ಟಗಳ ಈ ಮರ ಪುಣೆಯ ಬಿಸಿಲಿಗೆ ಒಗ್ಗೀತೇ ಎಂದು ನೋಡಲು ಹಿಂದಿನವರು ನೆಟ್ಟದ್ದು. ಬೆಳಿಗ್ಗೆ ಅವುಗಳ ಕೆಳಗೆ ಸುತ್ತಾಡಿದರೆ ಅಂಟಿನ ವಾಸನೆ ಅಂಗಿಗೆ ಹತ್ತಿಕೊಂಡು ಮನೆಯವರೆಗೂ ಬರುತ್ತಿತ್ತು. ಈಗಲೂ ಎಲ್ಲಾದರೂ ಟರ್ಪೆಂಟೈನ್ ವಾಸನೆ ಬಂದರೆ ಆ ಮುಂಜಾವುಗಳು ನೆನಪಾಗುತ್ತವೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮರಗಳಿಗೆ ಕಂಬಳಿಹುಳು ಬಿದ್ದವು. ಮೂರೇ ವಾರಗಳಲ್ಲಿ ಸೂಜಿಯಂಥ ಎಲೆಗಳೆಲ್ಲ ಖಾಲಿ. ಹೀಗೆ ಬಲಗುಂದಿದ ಪೈನ್‌ಗೆ ತೊಗಟೆ ಕೊರೆಯುವ ದುಂಬಿ ಹತ್ತುತ್ತದೆ, ಅಕ್ಕಪಕ್ಕದ ಮರಗಳಿಗೂ ಹಬ್ಬುತ್ತದೆ ಎಂದು ಪುಸ್ತಕದಲ್ಲಿತ್ತು. ಮರಗಳು ಸತ್ತಂತೆಯೇ, ಹದಿನೆಂಟನ್ನೂ ಕಡಿಯಬೇಕೆಂದು ವರದಿ ಬರೆದೆ. ಮೇಲಧಿಕಾರಿ ಜೋಶಿಯವರು ಅಂದೇ ಸಹಿ ಹಾಕಿದರು.

ಒಂದು ವಾರದ ನಂತರ ಮೊದಲ ಮರ ಉರುಳಿತು. ಸಸಿಗಳಿಗೆ ನೀರು ಹಾಕುತ್ತಿದ್ದ ವಿಜಾಪುರದ ಕಡೆಯ ಗಂಗವ್ವ ಕೊಡ ಕೆಳಗಿಟ್ಟು ಬಂದಳು.

“ಜೀವಂತ ಮರಾ ಕಡಿಸಿದ್ರಲ್ರೀ, ಸಾಹೇಬ್ರ.”

“ಎಲಿ ಒಂದೂ ಉಳದಿಲ್ಲಲ್ಲವ್ವಾ.”

“ನಾ ಇಲ್ಲಿಗೆ ಬಂದ ವರ್ಷಾನೂ ಹಿಂಗ ಆಗಿತ್ರಿ. ಬುಟ್ಟಿಗಟ್ಲೆ ಹುಳಾ ಆರಿಸಿ ಸುಟ್ವಿ. ಮುಂದ ಮಳಿಗೆ ಚಿಗತ್ವು.”

“ಎಷ್ಟು ವರ್ಷದ ಮಾತು?”

“ಒಂಬತ್ತು ಆತ್ರಿ. ನನ್ನ ಸಣ್ಣ ಮಗಳು ಹುಟ್ಟಿದ ವರ್ಷ.”

ಕಡಿದ ಬುಡದ ಮುಂದೆ ಮೊಣಕಾಲೂರಿ ಕೂತೆ. ಸಾಮಾನ್ಯವಾಗಿ ಪೈನ್ ತನ್ನ ಕಾಂಡಕ್ಕೆ ವರ್ಷಕ್ಕೊಂದು ಉಂಗುರ ಕೂಡಿಸುತ್ತದೆ. ಪುಣೆಯ ಹವೆಯಲ್ಲಿ ಹಾಗೆಯೇ ಎಂದು ಆಣೆ ಮಾಡಲಾಗದು. ಚಾಕುವಿನ ತುದಿಯಿಂದ ಹೊರಗಿನಿಂದ ಎಣಿಸುತ್ತ ಹೋದೆ. ಎಂಟನೆಯದೂ ಒಂಬತ್ತನೆಯದೂ ನೂಲಿನಷ್ಟು ಸಣ್ಣ. ಆ ವರ್ಷ ಎಲೆ ಕಳೆದುಕೊಂಡ ಮರಕ್ಕೆ ಮುಂದಿನೆರಡು ವರ್ಷ ಆಹಾರ ಸಾಲದೆ ಬೆಳವಣಿಗೆ ಕುಂಠಿತವಾಗಿತ್ತು. ಅವುಗಳ ಹೊರಗಿನ, ಇತ್ತೀಚಿನ ಉಂಗುರಗಳು ಮತ್ತೆ ಅಗಲ. ಬಿದ್ದ ಕೊಂಬೆಯೊಂದರ ಮೊಗ್ಗು ಸೀಳಿದೆ: ಒಳಗೆ ಹಸಿರು. ಕೊಡಲಿಯವರನ್ನು ನಿಲ್ಲಿಸಿ ಜೋಶಿಯವರ ಕೋಣೆಗೆ ಓಡಿದೆ.

“ನನ್ನ ವರದಿ ತಪ್ಪು, ಸಾಹೇಬರೇ.”

ಅವರು ಮರಾಠಿಯಲ್ಲಿ ಕೇಳಿದರು: “ಹೋದ ವಾರ ಸತ್ತಿದ್ದ ಮರಗಳು ಈ ವಾರ ಹೇಗೆ ಬದುಕಿದವು?”

“ಹೋದ ವಾರ ನಾನು ಸರಿಯಾಗಿ ನೋಡಿರಲಿಲ್ಲ.”

ಅವರು ವರದಿ ತೆಗೆದು ತಮ್ಮ ಸಹಿ ಹೊಡೆದುಹಾಕಿದರು. ಮುಂದಿನ ಮಳೆಗಾಲದವರೆಗೆ ಮರಗಳಿಗೆ ಗಡುವು ಕೊಟ್ಟರು; ನನ್ನ ಕಾಯಮಾತಿಯನ್ನೂ ಅಲ್ಲಿಯವರೆಗೆ ತಡೆದರು.

ಗಂಗವ್ವನ ಜೊತೆ ನಾವೆಲ್ಲ ಉಳಿದ ಹುಳುಗಳನ್ನು ಆರಿಸಿದೆವು. ಚಳಿಗಾಲದಲ್ಲಿ ಎರಡು ಮರಗಳ ತೊಗಟೆಯಲ್ಲಿ ದುಂಬಿಯ ತೂತು ಕಂಡವು. ಅವನ್ನು ಕೂಡಲೇ ಕಡಿಸಿದೆ. ಪುಸ್ತಕ ಅಷ್ಟರ ಮಟ್ಟಿಗೆ ಸರಿಯಾಗಿತ್ತು. ಜೂನ್‌ನ ಎರಡನೆಯ ಮಳೆಗೆ ಹದಿನೈದು ಮರ ಚಿಗುರಿದವು. ನನಗಿಂತ ಮೊದಲೇ ಬಂದು ನಿಂತಿದ್ದ ಗಂಗವ್ವ, “ನೋಡ್ರಿ, ಭಾಳ ಚಂದ ಬಂದಾವ,” ಎಂದಳು. ಹಳೆಯ ಮಾತು ಎತ್ತಲಿಲ್ಲ.

ನಂತರದ ವರ್ಷಗಳಲ್ಲಿ ಎಷ್ಟೋ ತೋಟಗಳಿಗೆ ಹೋದೆ. ಎಲ್ಲಿಯೇ ಆಗಲಿ, ಪುಸ್ತಕ ತೆರೆಯುವ ಮೊದಲು ಅಲ್ಲಿ ಬಹುಕಾಲ ದುಡಿದವರ ಹತ್ತಿರ ಕೂತು, ಹಿಂದೆಂದಾದರೂ ಹೀಗಾಗಿತ್ತೇ ಎಂದು ಕೇಳುತ್ತಿದ್ದೆ. ಪುಣೆಯಲ್ಲಿ ಆ ಪ್ರಶ್ನೆಯನ್ನು ಒಂದು ವಾರ ಮೊದಲು ಕೇಳಿದ್ದರೆ ಮೊದಲು ಉರುಳಿದ ಆ ಮರವೂ ಹದಿನಾರನೆಯದಾಗಿ ಚಿಗುರುತ್ತಿತ್ತು.